ಪುಟ್ಟ ಉಗಿಯಂತ್ರ ಕಲಿಸಿದ ಪಾಠ

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ವಿದ್ಯಾರ್ಥಿಯೊಬ್ಬನು ತಾನೇ ತಯಾರಿಸಿದ ಒಂದು ಉಗಿಯಂತ್ರವನ್ನು ತಂದನು. ಅಂಗೈ ಮೇಲೆ ಇಡಬಹುದಾದಷ್ಟು ಪುಟ್ಟ ಯಂತ್ರ. ಹಿತ್ತಾಳೆಯ ಕೊಳವೆಯ ತುಂಡೊಂದು ಅದರ ಸಿಲಿಂಡರು. ಹಳೆಯ ಹೊಲಿಗೆ ಯಂತ್ರದ ಚಕ್ರವೊಂದು ಅದರ ಗತಿಪಾಲಕ ಚಕ್ರ. ಬೆಸುಗೆ ಹಾಕಿದ ಸಣ್ಣ ಹಿತ್ತಾಳೆ ಡಬ್ಬಿಯೊಂದು ಅದರ ಬಾಯ್ಲರು. ಡಬ್ಬಿಯ ನೆತ್ತಿಗೆ ಸ್ಪ್ರಿಂಗಿನ ಸುರಕ್ಷಾ ಕವಾಟವನ್ನೂ ಆತ ಮರೆಯದೆ ಅಳವಡಿಸಿದ್ದನು. ಸ್ಪಿರಿಟ್ ದೀಪ ಹಚ್ಚಿ ಹತ್ತು ನಿಮಿಷ ಕಾದೆವು. ಆವಿ ಬಂದಿತು. ಚಕ್ರವನ್ನು ಬೆರಳಿನಿಂದ ತಳ್ಳಿದಾಗ ನಾಲ್ಕು ಸುತ್ತು ಸುತ್ತಿ, ನೀರಿನ ಹನಿಗಳನ್ನು ಉಗುಳಿ, ನಿಂತುಬಿಟ್ಟಿತು. ಮತ್ತೆ ತಳ್ಳಿದರೆ ಮತ್ತೆ ನಾಲ್ಕು ಸುತ್ತು, ಅಷ್ಟೆ.

“ಸಾರ್, ಪಂಚರ್ ಅಂಗಡಿಯಲ್ಲಿ ಗಾಳಿ ಹಿಡಿದಾಗ ಚೆನ್ನಾಗಿ ಓಡಿತು. ಆವಿಗೆ ಮಾತ್ರ ಓಡುತ್ತಿಲ್ಲ” ಎಂದನು ಹುಡುಗ.

“ಎಲ್ಲೋ ಸೋರುತ್ತಿದೆ. ಕೆಲಸ ಅಚ್ಚುಕಟ್ಟಾಗಿಲ್ಲ. ಮುಂದಿನ ಸಲ ಇನ್ನೂ ನಾಜೂಕಾಗಿ ಮಾಡು” ಎಂದು ಹೇಳಿ ನಾನು ಮುಂದಿನ ಮೇಜಿಗೆ ಹೋದೆನು. ಆ ಯಂತ್ರಕ್ಕೆ ಬಹುಮಾನ ಬರಲಿಲ್ಲ.

ನನ್ನ ಮಾತು ತಪ್ಪಾಗಿತ್ತು. ಸೋರುವ ಯಂತ್ರವಾಗಿದ್ದರೆ ಅದು ಗಾಳಿಗೂ ಸೋರಬೇಕಿತ್ತು. ಗಾಳಿಗೆ ಓಡಿ ಆವಿಗೆ ನಿಲ್ಲುವ ಯಂತ್ರದ ದೋಷ ಕೈಗೆಲಸದಲ್ಲಿಲ್ಲ, ಬೇರೆಲ್ಲೋ ಇದೆ. ಹುಡುಗನು ಅತ್ಯಂತ ಮುಖ್ಯವಾದ ಸುಳಿವನ್ನು ನನ್ನ ಕೈಗೆ ಕೊಟ್ಟಿದ್ದನು. ಭೌತಶಾಸ್ತ್ರವನ್ನು ಕಲಿಸುವ ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಇದು ನನಗೆ ಅರಿವಾದದ್ದು ಸುಮಾರು ಎರಡು ವರ್ಷಗಳ ಅನಂತರ, ಬೇಸಿಗೆಯ ರಜೆಯಲ್ಲಿ ಇಂಗ್ಲೆಂಡು ಮತ್ತು ಸ್ಕಾಟ್ಲೆಂಡುಗಳ ಕೆಲವು ಸಂಗ್ರಹಾಲಯಗಳನ್ನು ನೋಡುವ ಅವಕಾಶ ದೊರೆತಾಗ. ಅಲ್ಲಿ ಕಂಡ ಪುಟ್ಟ ಉಗಿಯಂತ್ರಗಳನ್ನೂ, ಅವುಗಳಿಂದ ನಾನು ಕಲಿತ ಪಾಠವನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಆಟಿಕೆಗಳಲ್ಲದ ಆಟಿಕೆಗಳು

ಬ್ರಿಟನ್ನಿನಲ್ಲಿ ಸಣ್ಣ ಯಂತ್ರಗಳನ್ನು ಕಟ್ಟುವುದು ಒಂದು ಹಳೆಯ ಹವ್ಯಾಸ. ಈ ಹವ್ಯಾಸಿಗಳ ಸಂಘವೊಂದು ಲಂಡನ್ನಿನಲ್ಲಿ ೧೮೯೮ರಲ್ಲಿಯೇ ಸ್ಥಾಪಿತವಾಯಿತು. ಅವರಿಗಾಗಿ ಪತ್ರಿಕೆಯೊಂದು ಹೊರಡಲಾರಂಭಿಸಿದ್ದೂ ಅದೇ ವರ್ಷ. ಇಂತಹ ಹವ್ಯಾಸಿಗಳ ಒಂದು ಪ್ರದರ್ಶನಶಾಲೆಗೆ ನಾನು ಮೊದಲು ಹೋದೆನು. ಗಾಜಿನ ಪೆಟ್ಟಿಗೆಗಳಲ್ಲಿ ಸಾಲುಸಾಲಾಗಿ ಯಂತ್ರಗಳು: ಗಣಿಯ ನೀರೆತ್ತುವವು, ಹಡಗನ್ನು ನಡೆಸುವವು, ಹೊಲವನ್ನು ಉಳುವವು, ರೈಲನ್ನು ಎಳೆಯುವವು. ಬೆರಳುದ್ದದ ಸಿಲಿಂಡರು, ಗುಂಡುಸೂಜಿಯ ತಲೆಯಷ್ಟು ಪುಟ್ಟ ತಿರುಪುಗಳು, ಹುಣಿಸೆ ಬೀಜದಷ್ಟು ದೊಡ್ಡ ಎಣ್ಣೆಕುಡಿಕೆಗಳು. ಗುಂಡಿಯನ್ನು ಒತ್ತಿದರೆ ಸಾಕು, ಪ್ರತಿಯೊಂದೂ ಓಡತೊಡಗುವುದು.

ಈ ಯಂತ್ರಗಳಲ್ಲಿ ಬಹುಪಾಲು ಯಾವ ತತ್ತ್ವದ ಮೇಲೆ ನಡೆಯುವುವೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅತ್ಯಂತ ಸರಳವಾದ ಮಾದರಿಯಲ್ಲಿ ಸಿಲಿಂಡರು ಒಂದು ಕೀಲಿನ ಮೇಲೆ ತೊಟ್ಟಿಲಿನಂತೆ ತೂಗಾಡುತ್ತದೆ. ಸಿಲಿಂಡರಿನ ಪಕ್ಕದಲ್ಲಿ ಒಂದು ರಂಧ್ರ. ಅದು ಒತ್ತಿಕೊಂಡು ನಿಂತಿರುವ ತಗಡಿನಲ್ಲಿ ಎರಡು ರಂಧ್ರ. ಒಂದು ರಂಧ್ರ ಬಾಯ್ಲರಿಗೆ ಸೇರಿದುದು, ಇನ್ನೊಂದು ಹೊರಗಾಳಿಗೆ ತೆರೆದುದು. ಚಕ್ರ ತಿರುಗಿದಂತೆಲ್ಲ ಸಿಲಿಂಡರು ಅತ್ತ ವಾಲಿದಾಗ ಮೊದಲನೆಯ ರಂಧ್ರದಿಂದ ಆವಿ ಒಳಬಂದು ಪಿಸ್ಟನ್ನನ್ನು ತಳ್ಳುವುದು. ಇತ್ತ ವಾಲಿದಾಗ ಎರಡನೆಯ ರಂಧ್ರದಿಂದ ಕೆಲಸ ಮುಗಿಸಿದ ಆವಿ ಹೊರಹೋಗುವುದು. ಪ್ರತ್ಯೇಕವಾದ ಕವಾಟವೇ ಬೇಕಿಲ್ಲ. ನಮ್ಮ ವಿದ್ಯಾರ್ಥಿ ಕಟ್ಟಿದ್ದುದೂ ಈ ಬಗೆಯ ಯಂತ್ರವನ್ನೇ.

ಸುಮಾರು ಅರ್ಧ ಗಂಟೆ ನೋಡಿದ ಮೇಲೆ ನನಗೊಂದು ಸಂದೇಹ ಬಂದಿತು. ಇಷ್ಟು ಯಂತ್ರಗಳು ಓಡುತ್ತಿದ್ದರೂ ಕೋಣೆಯಲ್ಲಿ ಬಿಸಿಯಿಲ್ಲ, ಗಾಜಿನ ಮೇಲೆ ಮಂಜಿಲ್ಲ, ಎಲ್ಲಿಯೂ ಒಂದು ಹನಿ ನೀರಿಲ್ಲ. ಅಲ್ಲಿದ್ದ ವಯಸ್ಸಾದ ಮೇಲ್ವಿಚಾರಕರನ್ನು ಕೇಳಿದೆನು. ಅವರು ನಕ್ಕು, ಇವೆಲ್ಲ ಓಡುತ್ತಿರುವುದು ಒತ್ತಿದ ಗಾಳಿಯಿಂದ ಎಂದರು. ಆವಿಯನ್ನು ಬಿಟ್ಟರೆ ಉಕ್ಕು ತುಕ್ಕು ಹಿಡಿಯುವುದು, ದಿನವೂ ಬೆಂಕಿ ನೋಡಿಕೊಳ್ಳಬೇಕು. ಅಲ್ಲದೆ ತೀರ ಸಣ್ಣ ಯಂತ್ರಗಳು ಆವಿಗೆ ಅಷ್ಟು ಸುಲಭವಾಗಿ ಓಡುವುದಿಲ್ಲ, ಮೊದಲು ಅವುಗಳನ್ನು ಬೆಚ್ಚಗೆ ಮಾಡಿಕೊಳ್ಳಬೇಕು ಎಂದು ವಿವರಿಸಿದರು.

ಗಾಳಿಗೆ ಓಡುವುದು, ಆವಿಗೆ ಓಡದು! ನಮ್ಮ ಹುಡುಗನ ಮಾತು ಆಗ ನನ್ನ ಕಿವಿಯಲ್ಲಿ ಮೊದಲ ಬಾರಿಗೆ ಸರಿಯಾಗಿ ಕೇಳಿಸಿತು.

ಡಡ್ಲಿಯ ದೈತ್ಯ

ಈ ಒಗಟನ್ನು ಬಿಡಿಸಬೇಕಾದರೆ ಉಗಿಯಂತ್ರದ ಚರಿತ್ರೆಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬರ್ಮಿಂಗ್‌ಹ್ಯಾಮಿಗೆ ಸಮೀಪದ ಡಡ್ಲಿ ಎಂಬ ಊರಿನಲ್ಲಿ ಬಯಲು ಸಂಗ್ರಹಾಲಯವೊಂದಿದೆ. ೧೭೧೨ರಲ್ಲಿ ಆ ಪ್ರದೇಶದ ಕಲ್ಲಿದ್ದಲ ಗಣಿಯೊಂದರಲ್ಲಿ ಥಾಮಸ್ ನ್ಯೂಕೊಮೆನ್ ನಿಲ್ಲಿಸಿದ ಯಂತ್ರದ ಪೂರ್ಣ ಗಾತ್ರದ ಪ್ರತಿಕೃತಿ ಅಲ್ಲಿದೆ. ನಾನು ಹೋದ ದಿನ ಅದು ನಿಂತಿತ್ತು. ಆದರೆ ನಿಂತಿದ್ದ ಯಂತ್ರದ ಕೆಳಗೆ ನಿಂತು ತಲೆಯೆತ್ತಿ ನೋಡಿದರೂ ಅದರ ಗಾತ್ರ ಮನಸ್ಸನ್ನು ಬೆರಗುಗೊಳಿಸುವುದು. ಯಂತ್ರಕ್ಕಾಗಿಯೇ ಕಟ್ಟಿದ ಇಟ್ಟಿಗೆಯ ಎತ್ತರದ ಮನೆ, ಅದರ ಗೋಡೆಯ ಮೇಲೆ ಏತದಂತೆ ತೂಗುವ ಭಾರಿ ಮರದ ತೊಲೆ.

ಏತದ ಹೋಲಿಕೆ ಇಲ್ಲಿ ಅರ್ಥವತ್ತಾದುದು. ತೊಲೆಯ ಒಂದು ತುದಿಗೆ ಗಣಿಯೊಳಗೆ ಇಳಿದಿರುವ ಪಂಪಿನ ಸರಳು. ಇನ್ನೊಂದು ತುದಿಗೆ ಸಿಲಿಂಡರಿನಲ್ಲಿ ಆಡುವ ಪಿಸ್ಟನ್ನು. ಪಂಪಿನ ಸರಳಿನ ಭಾರದಿಂದ ಪಿಸ್ಟನ್ನು ಮೇಲಕ್ಕೇರುವುದು. ಆಗ ಕೆಳಗಿನ ಬಾಯ್ಲರಿನಿಂದ ಆವಿ ಸಿಲಿಂಡರನ್ನು ತುಂಬುವುದು. ಆವಿಯ ಕವಾಟವನ್ನು ಮುಚ್ಚಿ, ಸಿಲಿಂಡರಿನೊಳಕ್ಕೆ ತಣ್ಣೀರಿನ ಚಿಲುಮೆಯನ್ನು ಹಾಯಿಸಿದೊಡನೆ ಆವಿ ನೀರಾಗುವುದು. ವಾತಾವರಣದ ಒತ್ತಡದಲ್ಲಿರುವ ಆವಿ ನೀರಾದಾಗ ಅದರ ಘನಫಲ ಸುಮಾರು ೧,೬೦೦ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಳಗೆ ಹೆಚ್ಚು ಕಡಿಮೆ ಶೂನ್ಯ, ಹೊರಗೆ ವಾತಾವರಣ. ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಒತ್ತಡದಿಂದ ವಾಯುವು ಪಿಸ್ಟನ್ನನ್ನು ಕೆಳಕ್ಕೆ ಒತ್ತುವುದು, ತೊಲೆಯ ಆಚೆಯ ತುದಿ ಮೇಲೆದ್ದು ಗಣಿಯ ನೀರು ಮೇಲೆ ಬರುವುದು. ಇಲ್ಲಿ ಕೆಲಸ ಮಾಡುವುದು ವಾಯುಮಂಡಲ. ಆವಿಯದು ಜಾಗ ತೆರವು ಮಾಡಿಕೊಡುವ ಕೆಲಸ ಮಾತ್ರ.

ಡಡ್ಲಿಯ ಮೂಲ ಯಂತ್ರದ ಸಿಲಿಂಡರಿನ ವ್ಯಾಸ ೨೧ ಅಂಗುಲ, ಎಂದರೆ ಸುಮಾರು ೫೩ ಸೆಂಟಿಮೀಟರು. ನಿಮಿಷಕ್ಕೆ ೧೨ ಏಟು. ಪ್ರತಿಯೊಂದು ಏಟಿಗೆ ಸುಮಾರು ೪೫ ಲೀಟರು ನೀರು ೪೬ ಮೀಟರು ಆಳದಿಂದ ಮೇಲೆ ಬರುತ್ತಿತ್ತು. ವಿದ್ಯಾರ್ಥಿಗಳು ಇದರಿಂದ ಯಂತ್ರದ ಸಾಮರ್ಥ್ಯವನ್ನು ತಾವೇ ಲೆಕ್ಕ ಹಾಕಬಹುದು: ಅದು ಸುಮಾರು ಐದೂವರೆ ಅಶ್ವಶಕ್ತಿ. ಇಂದಿನ ಬಾವಿಯ ಪಂಪುಸೆಟ್ಟೊಂದಕ್ಕೆ ಸಮ. ಆದರೂ ನೀರಿನಲ್ಲಿ ಮುಳುಗುತ್ತಿದ್ದ ಗಣಿಗಳಿಗೆ ಅದು ಪ್ರಾಣದಾನ ಮಾಡಿತು. ಗಣಿಯ ಬಾಯಿಯಲ್ಲಿಯೇ ಕಲ್ಲಿದ್ದಲು ಬಿದ್ದಿರುವಾಗ ಎಷ್ಟು ಸುಟ್ಟರೆ ಏನೆಂದು ಯಾರೂ ಚಿಂತಿಸಲಿಲ್ಲ. ಐವತ್ತು ವರ್ಷಗಳ ಕಾಲ ಈ ಯಂತ್ರದ ಮೂಲಭೂತವಾದ ದೋಷ ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಗ್ಲಾಸ್ಗೋದ ಮಾದರಿ

ಆ ದೋಷವನ್ನು ಹೊರಗೆಡಹಿದುದು ಒಂದು ಪುಟ್ಟ ಮಾದರಿ. ಅದು ಈಗ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಹಂಟೇರಿಯನ್ ಸಂಗ್ರಹಾಲಯಕ್ಕೆ ಸೇರಿದೆ. ೧೮೦೭ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಸಂಗ್ರಹಾಲಯ ಸ್ಕಾಟ್ಲೆಂಡಿನಲ್ಲಿಯೇ ಅತ್ಯಂತ ಹಳೆಯದು. ನ್ಯೂಕೊಮೆನ್ನನ ಯಂತ್ರದ ಈ ಮಾದರಿಯನ್ನು ಭೌತಶಾಸ್ತ್ರದ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ವಿಶ್ವವಿದ್ಯಾನಿಲಯವು ಇಟ್ಟುಕೊಂಡಿತ್ತು. ಅದರ ಸಿಲಿಂಡರಿನ ವ್ಯಾಸ ೨ ಅಂಗುಲ, ಪಿಸ್ಟನ್ನಿನ ಚಲನೆ ೬ ಅಂಗುಲ. ಆದರೆ ಅದು ಸರಿಯಾಗಿ ನಡೆಯುತ್ತಿರಲಿಲ್ಲ. ಲಂಡನ್ನಿನ ಉಪಕರಣ ತಯಾರಕರೊಬ್ಬರ ಬಳಿಗೆ ಕಳುಹಿಸಿ ತರಿಸಿದರೂ ಪ್ರಯೋಜನವಾಗಲಿಲ್ಲ.

೧೭೬೩ರ ಚಳಿಗಾಲದಲ್ಲಿ ಪ್ರಾಧ್ಯಾಪಕ ಜಾನ್ ಆಂಡರ್ಸನ್ ಅದನ್ನು ದುರಸ್ತಿಗಾಗಿ ಜೇಮ್ಸ್ ವಾಟ್‌ನಿಗೆ ಒಪ್ಪಿಸಿದರು. ವಾಟ್‌ನಿಗೆ ಆಗ ೨೭ ವರ್ಷ. ಆತ ಪ್ರಾಧ್ಯಾಪಕನಲ್ಲ, ಪದವೀಧರನೂ ಅಲ್ಲ; ವಿಶ್ವವಿದ್ಯಾನಿಲಯದ ಆವರಣದಲ್ಲಿ ಒಂದು ಕೋಣೆಯಲ್ಲಿ ತಕ್ಕಡಿ, ದಿಕ್ಸೂಚಿ ಮೊದಲಾದ ಉಪಕರಣಗಳನ್ನು ತಯಾರಿಸಿ ದುರಸ್ತಿ ಮಾಡಿಕೊಂಡಿದ್ದ ಕುಶಲಕರ್ಮಿ. ಕೆಟ್ಟಿದ್ದ ಭಾಗಗಳನ್ನು ಆತ ಸರಿಪಡಿಸಿದನು. ಆದರೂ ಬೆಂಕಿಯನ್ನು ಊದಿ ಊದಿ ಹೆಚ್ಚಿಸಿದರೆ ಯಂತ್ರ ಕೆಲವು ಏಟುಗಳನ್ನು ಹಾಕಿ ನಿಂತುಬಿಡುತ್ತಿತ್ತು. ಬಾಯ್ಲರು ನೋಡಲು ಸಾಕಷ್ಟು ದೊಡ್ಡದಾಗಿಯೇ ಇತ್ತು. ಆದರೂ ಆವಿ ಸಾಲದು. ತಣ್ಣೀರಂತೂ ಎಷ್ಟು ಹಾಯಿಸಿದರೂ ಸಾಲದು.

ನಾಲ್ಕು ಸುತ್ತು ಸುತ್ತಿ ನಿಂತ ಯಂತ್ರ! ಗಾಜಿನ ಆಚೆಗಿದ್ದ ಆ ಮಾದರಿಯ ಮುಂದೆ ನಿಂತಾಗ ನನಗೆ ನಾಚಿಕೆಯಾಯಿತೆಂದು ಒಪ್ಪಿಕೊಳ್ಳಬೇಕು. ಇದೇ ಸ್ಥಿತಿಯಲ್ಲಿ ನಾನು “ಕೆಲಸ ಅಚ್ಚುಕಟ್ಟಾಗಿಲ್ಲ” ಎಂದು ಹೇಳಿ ಮುಂದೆ ಹೋಗಿದ್ದೆನು. ವಾಟ್ ಮುಂದೆ ಹೋಗಲಿಲ್ಲ. ದೊಡ್ಡ ಯಂತ್ರ ನಡೆಯುವುದು, ಅದರ ಯಥಾವತ್ತಾದ ಚಿಕ್ಕ ಪ್ರತಿ ನಡೆಯದು. ಇದೇಕೆ ಎಂದು ಕೇಳಿದನು.

ಗಾತ್ರದ ಲೆಕ್ಕ

ಉತ್ತರವನ್ನು ಹುಡುಕಲು ನಮ್ಮ ಮನೆಯ ಬಚ್ಚಲಿಗೇ ಹೋಗಬಹುದು. ಬೆಳಗ್ಗೆ ಕಾಯಿಸಿದ ಹಂಡೆಯ ನೀರು ಮಧ್ಯಾಹ್ನವಾದರೂ ಬೆಚ್ಚಗಿರುವುದು. ಅದೇ ಹಂಡೆಯಿಂದ ಒಂದು ಲೋಟದಲ್ಲಿ ತೆಗೆದಿಟ್ಟ ನೀರು ಅರ್ಧ ಗಂಟೆಯಲ್ಲಿ ಆರಿಹೋಗುವುದು. ಎರಡೂ ತಾಮ್ರವೇ, ಎರಡರ ಸುತ್ತಲೂ ಅದೇ ಗಾಳಿ. ವ್ಯತ್ಯಾಸ ಗಾತ್ರದಲ್ಲಿ ಮಾತ್ರ. ನೀರು ಶಾಖವನ್ನು ಕೂಡಿಟ್ಟುಕೊಳ್ಳುವುದು ತನ್ನ ಘನಫಲದಲ್ಲಿ. ಕಳೆದುಕೊಳ್ಳುವುದು ತನ್ನ ಮೇಲ್ಮೈಯಿಂದ. ಒಂದು ವಸ್ತುವಿನ ಎಲ್ಲ ಅಳತೆಗಳನ್ನೂ ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ಅದರ ಮೇಲ್ಮೈ ನೂರನೆಯ ಒಂದು ಪಾಲಾಗುವುದು. ಆದರೆ ಘನಫಲ ಸಾವಿರದ ಒಂದು ಪಾಲಾಗುವುದು. ಅಂದರೆ ಪ್ರತಿ ಘನ ಸೆಂಟಿಮೀಟರಿನ ಪಾಲಿಗೆ ಬರುವ ಮೇಲ್ಮೈ ಹತ್ತು ಪಟ್ಟು ಹೆಚ್ಚುವುದು.

ಇದನ್ನು ವಾಟ್‌ನ ಮಾದರಿಗೆ ಅನ್ವಯಿಸೋಣ. ಸಿಲಿಂಡರಿನ ವ್ಯಾಸ ೫ ಸೆಂ.ಮೀ., ಉದ್ದ ೧೫ ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಅದರ ಘನಫಲ ಸುಮಾರು ೨೯೫ ಘನ ಸೆಂ.ಮೀ.; ಎರಡು ತುದಿಗಳೂ ಸೇರಿ ಒಳಮೈಯ ವಿಸ್ತೀರ್ಣ ಸುಮಾರು ೨೭೫ ಚದರ ಸೆಂ.ಮೀ. ವಾತಾವರಣದ ಒತ್ತಡದಲ್ಲಿ ಒಂದು ಲೀಟರು ಆವಿಯ ತೂಕ ೦.೬ ಗ್ರಾಂ. ಆದ್ದರಿಂದ ಈ ಸಿಲಿಂಡರನ್ನು ತುಂಬಲು ಬೇಕಾದ ಆವಿ ಕೇವಲ ೦.೧೮ ಗ್ರಾಂ.

ಆದರೆ ಹಿಂದಿನ ಏಟಿನ ತಣ್ಣೀರು ಸಿಲಿಂಡರಿನ ಗೋಡೆಯನ್ನು ತಣಿಸಿದೆ. ಒಳಬರುವ ಆವಿ ಮೊದಲು ಆ ಗೋಡೆಯನ್ನು ಮತ್ತೆ ಕಾಯಿಸಬೇಕು. ಒಳಗಿನ ಒಂದು ಮಿಲಿಮೀಟರು ದಪ್ಪದ ಹಿತ್ತಾಳೆ ಮಾತ್ರ, ಅದೂ ೨೦ ಡಿಗ್ರಿ ಮಾತ್ರ ತಣ್ಣಗಾಗಿದೆಯೆಂದು ಉದಾರವಾಗಿಯೇ ಭಾವಿಸೋಣ. ಆ ಹಿತ್ತಾಳೆಯ ತೂಕ ಸುಮಾರು ೨೩೪ ಗ್ರಾಂ. ಹಿತ್ತಾಳೆಯ ವಿಶಿಷ್ಟೋಷ್ಣ ಗ್ರಾಮಿಗೆ ೦.೩೮ ಜೂಲ್. ಆದುದರಿಂದ ಬೇಕಾದ ಉಷ್ಣ ಸುಮಾರು ೧,೭೮೦ ಜೂಲ್. ಒಂದು ಗ್ರಾಂ ಆವಿ ನೀರಾಗುವಾಗ ೨,೨೫೭ ಜೂಲ್ ಗುಪ್ತೋಷ್ಣವನ್ನು ಬಿಡುವುದು. ಹಾಗಾದರೆ ಗೋಡೆಯನ್ನು ಕಾಯಿಸಲೆಂದೇ ೦.೭೯ ಗ್ರಾಂ ಆವಿ ನೀರಾಗಿ ವ್ಯರ್ಥವಾಗಬೇಕು. ತುಂಬಲು ಬೇಕಾದುದು ೦.೧೮, ಗೋಡೆ ನುಂಗುವುದು ೦.೭೯! ಕೆಲಸಗಾರನಿಗೆ ಒಂದು ತುತ್ತು, ಮನೆಯ ಗೋಡೆಗೆ ನಾಲ್ಕು ತುತ್ತಿಗೂ ಹೆಚ್ಚು.

ಈಗ ಎಲ್ಲ ಅಳತೆಗಳನ್ನೂ ಹತ್ತರಿಂದ ಗುಣಿಸಿ, ಹೆಚ್ಚು ಕಡಿಮೆ ಡಡ್ಲಿಯ ಯಂತ್ರದ ಗಾತ್ರಕ್ಕೆ ಹೋಗೋಣ. ತುಂಬಲು ಬೇಕಾದ ಆವಿ ಸಾವಿರ ಪಟ್ಟು ಹೆಚ್ಚಿ ಸುಮಾರು ೧೭೭ ಗ್ರಾಂ ಆಗುವುದು. ಗೋಡೆಯ ಒಳಮೈ ನೂರು ಪಟ್ಟು ಮಾತ್ರ ಹೆಚ್ಚುವುದು. ಶಾಖವು ಲೋಹದೊಳಕ್ಕೆ ಇಳಿಯುವ ಆಳ ಏಟಿನ ಕಾಲಾವಧಿಯನ್ನು ಅವಲಂಬಿಸುವುದೇ ಹೊರತು ಸಿಲಿಂಡರಿನ ಗಾತ್ರವನ್ನಲ್ಲ. ಆದುದರಿಂದ ಇಲ್ಲಿಯೂ ಒಂದು ಮಿಲಿಮೀಟರು ಪದರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಗೋಡೆ ನುಂಗುವ ಆವಿ ಆಗ ೭೯ ಗ್ರಾಂ. ತುಂಬುವ ಆವಿಯ ಅರ್ಧಕ್ಕಿಂತಲೂ ಕಡಿಮೆ. ದೊಡ್ಡ ಯಂತ್ರ ಈ ದಂಡವನ್ನು ತೆತ್ತೂ ನಡೆದೀತು. ಚಿಕ್ಕ ಯಂತ್ರ ದಿವಾಳಿಯಾಗುವುದು.

ಈ ಲೆಕ್ಕದಲ್ಲಿ ನಾವು ಭಾವಿಸಿಕೊಂಡ ಒಂದು ಮಿಲಿಮೀಟರು, ಇಪ್ಪತ್ತು ಡಿಗ್ರಿಗಳು ಕೇವಲ ಉದಾಹರಣೆಗಾಗಿ. ಅವುಗಳನ್ನು ಬದಲಾಯಿಸಿದರೆ ಅಂಕಿಗಳು ಬದಲಾಗುವುವು. ಆದರೆ ಚಿಕ್ಕದಕ್ಕೂ ದೊಡ್ಡದಕ್ಕೂ ಇರುವ ಹತ್ತು ಪಟ್ಟಿನ ಅಂತರ ಬದಲಾಗದು.

ಮಾದರಿ ಎಂಬ ಭೂತಗನ್ನಡಿ

ವಾಟ್ ಇಷ್ಟಕ್ಕೇ ನಿಂತು, ಚಿಕ್ಕ ಸಿಲಿಂಡರಿನ ಒಳಮೈ ಪ್ರಮಾಣ ಮೀರಿ ದೊಡ್ಡದು, ಆದ್ದರಿಂದ ಮಾದರಿ ನಡೆಯದು ಎಂದು ಆಂಡರ್ಸನ್ನರಿಗೆ ವರದಿ ಒಪ್ಪಿಸಬಹುದಿತ್ತು. ಆತನ ದೊಡ್ಡತನವಿರುವುದು ಮುಂದಿನ ಹೆಜ್ಜೆಯಲ್ಲಿ. ಈ ನಷ್ಟ ಮಾದರಿಯಲ್ಲಿ ಹುಟ್ಟಿದುದಲ್ಲ, ದೊಡ್ಡ ಯಂತ್ರದಲ್ಲಿಯೂ ಅದು ಅಡಗಿ ಕುಳಿತಿದೆ. ಮಾದರಿ ಅದನ್ನು ಹಿಗ್ಗಿಸಿ ತೋರಿಸಿತು ಅಷ್ಟೆ, ಎಂದು ಆತ ಕಂಡುಕೊಂಡನು. ಚಿಕ್ಕ ಯಂತ್ರ ಆತನ ಕೈಯಲ್ಲಿ ದೊಡ್ಡ ಯಂತ್ರದ ರೋಗವನ್ನು ತೋರಿಸುವ ಭೂತಗನ್ನಡಿಯಾಯಿತು.

ಆತ ಅಳೆಯತೊಡಗಿದನು. ಶಾಖವನ್ನು ಬೇಗ ಹೀರದ ಮರದ ಸಿಲಿಂಡರೊಂದನ್ನು ಮಾಡಿ ನೋಡಿದನು. ಆವಿಯನ್ನು ತಣ್ಣೀರಿನೊಳಗೆ ಹಾಯಿಸಿದಾಗ ಅದು ತನ್ನ ತೂಕದ ಆರರಷ್ಟು ನೀರನ್ನು ಕುದಿಯುವ ಮಟ್ಟಕ್ಕೆ ಏರಿಸುವುದನ್ನು ಕಂಡು ಬೆರಗಾದನು. ಇದರ ಕಾರಣವನ್ನು ವಿವರಿಸಿದವರು ಅದೇ ವಿಶ್ವವಿದ್ಯಾನಿಲಯದಲ್ಲಿದ್ದ ಜೋಸೆಫ್ ಬ್ಲ್ಯಾಕ್. ಗುಪ್ತೋಷ್ಣದ ತತ್ತ್ವವನ್ನು ಅವರು ಅದಾಗಲೇ ಬೋಧಿಸುತ್ತಿದ್ದರು. ವಾಟ್‌ನ ಅಳತೆ ಎಷ್ಟು ನಿಖರವಾಗಿತ್ತೆಂಬುದನ್ನು ನಾವು ಪರೀಕ್ಷಿಸಬಹುದು. ಆರು ಗ್ರಾಂ ನೀರನ್ನು ೧೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಕಾಯಿಸಲು ೬ × ೯೦ × ೪.೧೮, ಅಂದರೆ ಸುಮಾರು ೨,೨೫೭ ಜೂಲ್ ಬೇಕು. ಆವಿಯ ಗುಪ್ತೋಷ್ಣಕ್ಕೆ ಇಂದಿನ ಪುಸ್ತಕಗಳಲ್ಲಿರುವ ಬೆಲೆಯೂ ಅದೇ!

ಈಗ ಸಮಸ್ಯೆ ಸ್ಪಷ್ಟವಾಯಿತು. ಸಿಲಿಂಡರನ್ನು ಚೆನ್ನಾಗಿ ತಣಿಸದಿದ್ದರೆ ಒಳಗಿನ ಬಿಸಿನೀರೇ ಕಡಮೆ ಒತ್ತಡದಲ್ಲಿ ಕುದಿದು ಆವಿಯಾಗಿ ಪಿಸ್ಟನ್ನಿಗೆ ಅಡ್ಡಬರುವುದು. ಚೆನ್ನಾಗಿ ತಣಿಸಿದರೆ ಮುಂದಿನ ಏಟಿನ ಆವಿಯನ್ನು ಗೋಡೆ ನುಂಗುವುದು. ಒಂದೇ ಪಾತ್ರೆ ಬಿಸಿಯಾಗಿಯೂ ಇರಬೇಕು, ತಣ್ಣಗೂ ಇರಬೇಕು. ೧೭೬೫ರ ಮೇ ತಿಂಗಳಿನ ಒಂದು ಭಾನುವಾರ ಗ್ಲಾಸ್ಗೋದ ಹುಲ್ಲುಗಾವಲಿನಲ್ಲಿ ತಿರುಗಾಡುತ್ತಿದ್ದಾಗ ವಾಟ್‌ನಿಗೆ ಪರಿಹಾರ ಹೊಳೆಯಿತು: ಪಾತ್ರೆ ಒಂದೇ ಏಕೆ ಇರಬೇಕು? ಆವಿ ಕೆಲಸ ಮಾಡುವ ಸಿಲಿಂಡರು ಸದಾ ಬಿಸಿಯಾಗಿರಲಿ; ಕೊಳವೆಯ ಮೂಲಕ ಅದಕ್ಕೆ ಜೋಡಿಸಿದ ಬೇರೊಂದು ಪಾತ್ರೆ ಸದಾ ತಣ್ಣಗಿರಲಿ; ಆವಿ ಅಲ್ಲಿಗೆ ಧಾವಿಸಿ ನೀರಾಗಲಿ. ಇದೇ ಪ್ರತ್ಯೇಕ ಸಾಂದ್ರಕ. ೧೭೬೯ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ೧೭೭೫ರಲ್ಲಿ ಮ್ಯಾಥ್ಯೂ ಬೋಲ್ಟನ್ನನೊಡನೆ ಪಾಲುದಾರಿಕೆ ಏರ್ಪಟ್ಟು, ೧೭೭೬ರಲ್ಲಿ ಯಂತ್ರಗಳು ಗಣಿಗಳಲ್ಲಿ ಕೆಲಸಕ್ಕೆ ನಿಂತವು. ೧೭೭೯ರಲ್ಲಿ ಅವರು ಕಟ್ಟಿದ ಸ್ಮೆಥಿಕ್ ಯಂತ್ರ ಬರ್ಮಿಂಗ್‌ಹ್ಯಾಮಿನ ವಿಜ್ಞಾನ ಸಂಗ್ರಹಾಲಯದಲ್ಲಿ ಉಳಿದು ಬಂದಿದೆ. ಹೊಳೆದುದು ಒಂದು ನಡಿಗೆಯಲ್ಲಿ ಎಂಬುದು ನಿಜ. ಆದರೆ ಅದರ ಹಿಂದೆ ಸುಮಾರು ಒಂದೂವರೆ ವರ್ಷದ ಅಳತೆ ಇತ್ತು, ಮುಂದೆ ಹನ್ನೊಂದು ವರ್ಷಗಳ ದುಡಿಮೆ ಇತ್ತು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಕುಗ್ಗುವುದು, ಕುಗ್ಗದಿರುವುದು

ಗಾತ್ರ ಕುಗ್ಗಿದಾಗ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗದೆಂಬುದನ್ನು ಮೊದಲು ಶಾಸ್ತ್ರೀಯವಾಗಿ ವಿವೇಚಿಸಿದವನು ಗೆಲಿಲಿಯೋ, ೧೬೩೮ರಲ್ಲಿ. ಒಂದು ಪ್ರಾಣಿಯನ್ನು ಹಿಗ್ಗಿಸಿದರೆ ಅದರ ತೂಕ ಘನಫಲದಂತೆ ಹೆಚ್ಚುವುದು, ಎಲುಬಿನ ಬಲ ಅಡ್ಡಕೊಯ್ತದಂತೆ ಮಾತ್ರ ಹೆಚ್ಚುವುದು ಎಂದು ಆತ ತೋರಿಸಿದನು. ಉಗಿಯಂತ್ರಗಳಲ್ಲಿ ಇದೇ ನಿಯಮ ಹಲವು ರೂಪಗಳಲ್ಲಿ ಕಾಣುತ್ತದೆ.

ಮೊದಲನೆಯದು ಸಂದು. ಪಿಸ್ಟನ್ನಿಗೂ ಗೋಡೆಗೂ ನಡುವೆ ಹತ್ತನೆಯ ಒಂದು ಮಿಲಿಮೀಟರು ಸಂದು ದೊಡ್ಡ ಯಂತ್ರದಲ್ಲಿ ಲೆಕ್ಕಕ್ಕಿಲ್ಲ. ಚಿಕ್ಕದರಲ್ಲಿ ಅದೇ ಹೆಬ್ಬಾಗಿಲು. ನಮ್ಮ ಅರಕ್ಕೆ, ನಮ್ಮ ಕಣ್ಣಿಗೆ ಇರುವ ನಿಖರತೆ ಯಂತ್ರದೊಡನೆ ಕುಗ್ಗುವುದಿಲ್ಲವಲ್ಲ! ಎರಡನೆಯದು ಬಾಯ್ಲರಿನ ಬಲ. ಇಲ್ಲಿ ಚಿಕ್ಕದಕ್ಕೆ ಅನ್ಯಾಯವಿಲ್ಲ: ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ತಗಡಿನ ದಪ್ಪದಿಂದ ಭಾಗಿಸಿದರೆ ತಗಡಿನ ಮೇಲಿನ ಎಳೆತ ದೊರೆಯುವುದು, ತ್ರಿಜ್ಯ, ದಪ್ಪ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಎಳೆತ ಬದಲಾಗದು. ಮೂರನೆಯದು ನೀರಿನ ಮೇಲ್ಮೈಯ ಎಳೆತ. ದೊಡ್ಡ ಯಂತ್ರದಲ್ಲಿ ಅದರ ಹೆಸರನ್ನೇ ಎತ್ತಬೇಕಿಲ್ಲ. ಆದರೆ ಅಮೆರಿಕದ ಸ್ಯಾಂಡಿಯಾ ಪ್ರಯೋಗಶಾಲೆಯಲ್ಲಿ ೧೯೯೦ರ ದಶಕದಲ್ಲಿ ಸಿಲಿಕಾನಿನ ಮೇಲೆ ಕೆತ್ತಿದ, ಬರಿಗಣ್ಣಿಗೆ ಕಾಣದ ಉಗಿಯಂತ್ರದಲ್ಲಿ ವಿದ್ಯುತ್ತಿನಿಂದ ಕಾದ ಆವಿ ಪಿಸ್ಟನ್ನನ್ನು ಹೊರಕ್ಕೆ ತಳ್ಳಿದರೆ, ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದು ಈ ಮೇಲ್ಮೈಯ ಎಳೆತವೇ.

ಹಾಗಾದರೆ ಚಿಕ್ಕ ಉಗಿಯಂತ್ರ ನಡೆಯಲೇ ಆರದೆ? ನಡೆಯಬಲ್ಲುದು. ವಾಟ್‌ನ ಸಹಾಯಕ ವಿಲಿಯಂ ಮರ್ಡಾಕ್ ೧೭೮೪ರಲ್ಲಿ ಮುಕ್ಕಾಲು ಅಂಗುಲದ ಸಿಲಿಂಡರಿನ ಪುಟ್ಟ ಗಾಡಿಯೊಂದನ್ನು ಕಟ್ಟಿ ಓಡಿಸಿದನು. ಕತ್ತಲಲ್ಲಿ ದೀಪ ಉರಿಸಿಕೊಂಡು ಬುಸುಗುಟ್ಟುತ್ತ ಓಡಿಬಂದ ಅದನ್ನು ಕಂಡು ಊರಿನ ಪಾದ್ರಿ ಪಿಶಾಚಿಯೆಂದು ಹೆದರಿದನೆಂಬ ಕಥೆಯುಂಟು. ಆವಿಯನ್ನು ಸಿಲಿಂಡರಿನೊಳಗೆ ತಣಿಸದೆ, ಹೆಚ್ಚು ಒತ್ತಡದಲ್ಲಿ ಬಳಸಿ ಹೊರಕ್ಕೆ ಬಿಟ್ಟುದು ಅದರ ಗುಟ್ಟು. ೧೮೦೪ರಲ್ಲಿ ಹಳಿಗಳ ಮೇಲೆ ಉಗಿಬಂಡಿಯನ್ನು ಓಡಿಸಿದ ರಿಚರ್ಡ್ ಟ್ರೆವಿಥಿಕ್ ಇನ್ನೂ ಮುಂದೆ ಹೋಗಿ, ಸಿಲಿಂಡರನ್ನು ಬಾಯ್ಲರಿನ ಒಳಗೇ ಹುದುಗಿಸಿ ಸದಾ ಬಿಸಿಯಾಗಿಟ್ಟನು.

ನಮ್ಮ ಜಾತ್ರೆಗಳಲ್ಲಿ ಮಾರುವ ತಗಡಿನ ದೋಣಿಯನ್ನು ಓದುಗರು ನೋಡಿರಬಹುದು. ಒಳಗೆ ಸಣ್ಣ ದೀಪ ಹಚ್ಚಿಟ್ಟರೆ ಪುಟಪುಟ ಸದ್ದು ಮಾಡುತ್ತ ಬೋಗುಣಿಯ ನೀರಿನಲ್ಲಿ ಸುತ್ತುವುದು. ಥಾಮಸ್ ಪಿಯೊ ಎಂಬಾತ ೧೮೯೧ರಲ್ಲಿ ಪೇಟೆಂಟು ಪಡೆದ ಈ ದೋಣಿಯಲ್ಲಿ ಪಿಸ್ಟನ್ನಿಲ್ಲ, ಕವಾಟವಿಲ್ಲ. ದೀಪದ ಮೇಲಿನ ಪೆಟ್ಟಿಗೆಯಲ್ಲಿ ಹುಟ್ಟಿದ ಆವಿ ಕೊಳವೆಯ ನೀರನ್ನು ಹಿಂದಕ್ಕೆ ಚಿಮ್ಮಿಸುವುದು. ಹಾಗೆ ಮುಂದುವರಿದ ಆವಿ ಕೊಳವೆಯ ತಣ್ಣಗಿನ ಭಾಗಕ್ಕೆ ತಗಲಿ ನೀರಾಗುವುದು. ಉಂಟಾದ ತೆರವನ್ನು ತುಂಬಲು ಹೊರಗಿನ ನೀರು ಒಳನುಗ್ಗುವುದು. ಹೊರಹೋಗುವ ನೀರು ಒಂದೇ ದಿಕ್ಕಿಗೆ ಚಿಮ್ಮುವುದು, ಒಳಬರುವ ನೀರು ಎಲ್ಲ ಕಡೆಯಿಂದಲೂ ಸೇರುವುದು. ಆದ್ದರಿಂದ ದೋಣಿ ಮುಂದೆ ಸಾಗುವುದು. ವಾಟ್‌ನ ಮಾದರಿಯನ್ನು ನಿಲ್ಲಿಸಿದ ತಣ್ಣನೆಯ ಗೋಡೆಯೇ ಈ ದೋಣಿಗೆ ಜೀವಾಳ. ಪ್ರಕೃತಿಯ ನಿಯಮ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದನ್ನು ತಿಳಿದವನಿಗೆ ಒದಗುವುದು, ಅಷ್ಟೆ.

ಯಂತ್ರ ಓಡಿತು

ಊರಿಗೆ ಮರಳಿದ ಮೇಲೆ ನಾನು ಆ ವಿದ್ಯಾರ್ಥಿಯನ್ನು ಹುಡುಕಿ ಕರೆಸಿದೆನು. ಆತ ಆಗ ಪದವಿ ತರಗತಿಯ ಕೊನೆಯ ವರ್ಷದಲ್ಲಿದ್ದನು. ಯಂತ್ರ ಮನೆಯ ಅಟ್ಟದಲ್ಲಿ ಇನ್ನೂ ಇತ್ತು. “ಅಂದು ತಪ್ಪು ನಿನ್ನದಲ್ಲ, ನನ್ನದು” ಎಂದು ಹೇಳಿ ಗಾತ್ರದ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದೆನು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸಾರ್, ಸಿಲಿಂಡರನ್ನು ಬೆಚ್ಚಗೆ ಇಟ್ಟರೆ ಸಾಕಲ್ಲವೇ?” ಎಂದನು.

ಇಬ್ಬರೂ ಕೂಡಿ ಮೂರು ಬದಲಾವಣೆಗಳನ್ನು ಮಾಡಿದೆವು. ಬಾಯ್ಲರಿನಿಂದ ಸಿಲಿಂಡರಿಗೆ ಹೋಗುವ ಗೇಣುದ್ದದ ಕೊಳವೆಯನ್ನು ಮೂರು ಬೆರಳಗಲಕ್ಕೆ ಕತ್ತರಿಸಿದೆವು. ಕೊಳವೆಗೂ ಸಿಲಿಂಡರಿಗೂ ಹತ್ತಿಯ ಹುರಿಯನ್ನು ಒತ್ತಾಗಿ ಸುತ್ತಿದೆವು. ಮತ್ತು ಚಕ್ರವನ್ನು ಒಡನೆಯೇ ಓಡಿಸದೆ, ಕೆಲವು ನಿಮಿಷ ಆವಿಯನ್ನು ಸಿಲಿಂಡರಿನೊಳಗೆ ಹಾಯಲು ಬಿಟ್ಟು, ನೀರನ್ನೆಲ್ಲ ಹೊರಹಾಕಿ, ಲೋಹ ಚೆನ್ನಾಗಿ ಕಾದ ಮೇಲೆ ತಳ್ಳಿದೆವು. ಯಂತ್ರ ಮೊದಲು ತಡವರಿಸಿತು, ಎರಡು ಹನಿ ಉಗುಳಿತು, ಅನಂತರ ಓಡ ಹಿಡಿಯಿತು. ಬಾಯ್ಲರಿನ ನೀರು ತಗ್ಗಿ, ನಾವು ದೀಪವನ್ನು ಆರಿಸುವವರೆಗೂ ಓಡಿತು. ಪಿಸ್ಟನ್ನನ್ನಾಗಲಿ ಸಿಲಿಂಡರನ್ನಾಗಲಿ ನಾವು ಮುಟ್ಟಿರಲಿಲ್ಲ. ಹುಡುಗನ ಕೈಗೆಲಸ ಮೊದಲಿನಿಂದಲೂ ಅಚ್ಚುಕಟ್ಟಾಗಿಯೇ ಇತ್ತು.

ಗಾತ್ರದ ನಿಯಮವನ್ನು ಮನೆಯಲ್ಲಿಯೇ ಪರೀಕ್ಷಿಸಬಯಸುವವರು ಒಂದೇ ಆಕಾರದ ಎರಡು ಸ್ಟೀಲಿನ ಪಾತ್ರೆಗಳನ್ನು, ಒಂದು ಇನ್ನೊಂದರ ಎರಡರಷ್ಟು ಅಗಲ ಮತ್ತು ಎತ್ತರ ಇರುವಂತೆ, ಆರಿಸಿಕೊಳ್ಳಲಿ. ಎರಡಕ್ಕೂ ಒಂದೇ ಬಿಸಿಯ ನೀರನ್ನು ತುಂಬಿ, ಮುಚ್ಚಿ, ಐದು ಐದು ನಿಮಿಷಕ್ಕೊಮ್ಮೆ ಉಷ್ಣಮಾಪಕದಿಂದ ಅಳೆದು ಬರೆದುಕೊಳ್ಳಲಿ. ಚಿಕ್ಕದು ಹತ್ತು ಡಿಗ್ರಿ ಇಳಿಯಲು ತೆಗೆದುಕೊಂಡ ಕಾಲದ ಸುಮಾರು ಎರಡರಷ್ಟನ್ನು ದೊಡ್ಡದು ತೆಗೆದುಕೊಳ್ಳುವುದು ಕಾಣುತ್ತದೆ. ಆದರೆ ಮುಚ್ಚಿದ ಡಬ್ಬಿಯಲ್ಲಿ ನೀರು ಕುದಿಸುವ ಸಾಹಸಕ್ಕೆ ಯಾರೂ ತಾವಾಗಿಯೇ ಕೈಹಾಕಬಾರದು. ಸುರಕ್ಷಾ ಕವಾಟವಿಲ್ಲದ ಚಿಕ್ಕ ಬಾಯ್ಲರು ಕೂಡ ಸಿಡಿದರೆ ಕಣ್ಣು ಕಳೆಯಬಲ್ಲುದು; ಅಂತಹ ಕೆಲಸವನ್ನು ತಿಳಿದವರ ಸಮ್ಮುಖದಲ್ಲಿ ಮಾತ್ರ ಮಾಡಬೇಕು.

ಪ್ರಯೋಗ ಕೈಕೊಟ್ಟಾಗ ಕೈಯನ್ನು ದೂಷಿಸುವುದು ಸುಲಭ. ಕೈಯ ತಪ್ಪೇ ಆಗಿರುವುದೂ ಉಂಟು. ಆದರೆ ಅಚ್ಚುಕಟ್ಟಾಗಿ ಮಾಡಿದ ಯಂತ್ರ ನಿಂತಾಗ ಅದು ನಮಗೆ ಏನನ್ನೋ ಹೇಳುತ್ತಿರುತ್ತದೆ. ಗ್ಲಾಸ್ಗೋದಲ್ಲಿ ಒಬ್ಬನು ಅದನ್ನು ಕೇಳಿಸಿಕೊಂಡನು. ನನ್ನ ತರಗತಿಯಲ್ಲಿ ಈಗ ಯಾರಾದರೂ ಓಡದ ಯಂತ್ರವನ್ನು ತಂದರೆ, ಅದು ಯಾವಾಗ ಓಡಿತ್ತು ಎಂಬ ಪ್ರಶ್ನೆಯನ್ನು ನಾನು ಮೊದಲು ಕೇಳುತ್ತೇನೆ.